ಗುಂಗುರು ಕೂದಲಿನ ಆರೈಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನದು ಗುಂಗುರು ಕೂದಲು. ಅಮ್ಮನದೂ ಅದೇ, ಈಗ ಮಗಳದೂ ಅದೇ. ಹತ್ತು ವರ್ಷದಿಂದ ಪಾರ್ಲರಿನ ಯಾವ ಟ್ರೀಟ್‌ಮೆಂಟೂ ಇಲ್ಲದೆ ಇದನ್ನು ನೋಡಿಕೊಂಡು ಬಂದಿದ್ದೇನೆ. ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಆಫೀಸಿನಲ್ಲಿ ಹೆಂಗಸರು ಹತ್ತಿರ ಬಂದು ಕೇಳುತ್ತಾರೆ. ಈಚೆಗೆ ಗಂಡುಹುಡುಗರೂ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ನನ್ನದು ಗುಂಗುರು ಕೂದಲಾ, ಇಲ್ಲ ಸುಮ್ನೆ ಒರಟು ಕೂದಲಾ?

ಒಂದು ಭಾನುವಾರ ಪರೀಕ್ಷೆ ಮಾಡಿ ನೋಡಿ. ತಲೆಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಸಿಕ್ಕು ಬಿಡಿಸಿ, ಆಮೇಲೆ ಬಾಚಣಿಗೆ ಮುಟ್ಟಬೇಡಿ. ಟವೆಲಿನಿಂದ ಉಜ್ಜಬೇಡಿ, ಗಂಟು ಹಾಕಬೇಡಿ. ಹಾಗೇ ಒಣಗಲು ಬಿಡಿ. ಒಣಗಿದ ಮೇಲೆ ಅಲೆಯೋ ಸುರುಳಿಯೋ ಕಂಡರೆ ನಿಮ್ಮದು ಗುಂಗುರೇ. ಎಷ್ಟೋ ಜನ ತಮ್ಮ ಕೂದಲು ಒರಟು ಅಂತ ನಂಬಿಕೊಂಡು ಅರ್ಧ ಆಯುಷ್ಯ ಕಳೆದಿರುತ್ತಾರೆ. ದಿನಾ ಒಣ ಕೂದಲು ಬಾಚಿ ಬಾಚಿ ಸುರುಳಿಯನ್ನು ಬಿಡಿಸಿಬಿಟ್ಟಿರುತ್ತಾರೆ, ಅಷ್ಟೇ.

2ಎ, 3ಬಿ, 4ಸಿ ಅಂತೆಲ್ಲ ಕೇಳಿರಬಹುದು. ಅದು ಅಮೆರಿಕದ ಕೇಶ ವಿನ್ಯಾಸಕ ಆಂಡ್ರೆ ವಾಕರ್ ಅವರ ವಿಂಗಡಣೆಯಿಂದ ಬೆಳೆದು ಬಂದದ್ದು. 1 ಅಂದರೆ ನೇರ, 2 ಅಂದರೆ ಅಲೆ, 3 ಅಂದರೆ ಸುರುಳಿ, 4 ಅಂದರೆ ಸ್ಪ್ರಿಂಗಿನಂಥ ಬಿಗಿ ಸುರುಳಿ. ನಮ್ಮಲ್ಲಿ 2 ಮತ್ತು 3 ಜಾಸ್ತಿ. ಬಿಗಿ ಸುರುಳಿ ನಮ್ಮ ನಾಡಿಗೆ ಹೊಸದೇನಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ತಲೆಮಾರುಗಳಿಂದ ಬದುಕಿರುವ ಸಿದ್ದಿ ಜನರ ಮೂಲ ಆಫ್ರಿಕಾ. ಅವರಲ್ಲಿ ಅನೇಕರ ಕೂದಲು ಈ ಬಗೆಯದು. ಟಿವಿ ಜಾಹೀರಾತಿನಲ್ಲಿ ಮಾತ್ರ ಕರ್ನಾಟಕದ ಕೂದಲೆಲ್ಲ ರೇಷ್ಮೆಯ ಹಾಗೆ ನೇರವಾಗಿರುತ್ತದೆ.

ನಂಬರಿಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ತಲೆಯಲ್ಲಿ ಮೂರು ಬಗೆ ಇರುತ್ತದೆ. ನನಗೆ ಕತ್ತಿನ ಹತ್ತಿರ ಬಿಗಿ, ನೆತ್ತಿಯಲ್ಲಿ ಬರೀ ಅಲೆ.

ಎಷ್ಟು ಎಣ್ಣೆ ಹಚ್ಚಿದರೂ ತುದಿ ಯಾಕೆ ಒಣಗಿರುತ್ತದೆ?

ನೆತ್ತಿಯ ಚರ್ಮ ತಾನೇ ಎಣ್ಣೆ ಬಿಡುತ್ತದೆ. ನೇರ ಕೂದಲಲ್ಲಿ ಅದು ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ಸುರುಳಿಯಲ್ಲಿ ಪ್ರತಿ ತಿರುವಿನಲ್ಲೂ ತಡೆ. ಹಾಗಾಗಿ ನೆತ್ತಿ ಜಿಡ್ಡು, ತುದಿ ಹುಲ್ಲು. ಜೊತೆಗೆ ಕೂದಲು ತಿರುಗುವ ಜಾಗದಲ್ಲಿ ಮೇಲಿನ ಪದರ ಬೇಗ ಏಳುತ್ತದೆ. ಒಳಗಿನ ನೀರು ಹಾರಿಹೋಗುತ್ತದೆ, ಮುರಿಯುವುದೂ ಅಲ್ಲೇ.

ಇದೊಂದು ಅರ್ಥವಾದರೆ ಮುಂದಿನದೆಲ್ಲ ಸುಲಭ. ಗುಂಗುರು ಕೂದಲಿಗೆ ಬೇಕಾದದ್ದು ಮೂರು: ನೀರು, ಜಾರುವ ಗುಣ, ಕಡಿಮೆ ಉಜ್ಜಾಟ. ಮುಂದೆ ಯಾರಾದರೂ ಹೊಸ ಪುಡಿ, ಹೊಸ ಎಣ್ಣೆ ತಂದು ಕೊಟ್ಟರೆ ಈ ಮೂರರಲ್ಲಿ ಯಾವುದನ್ನು ಕೊಡುತ್ತದೆ ಅಂತ ಕೇಳಿಕೊಳ್ಳಿ.

ಕೆಮಿಕಲ್ ಇಲ್ಲದ ಆರೈಕೆ ಅಂದರೆ ಏನು? ಶಾಂಪೂ ಪೂರ್ತಿ ಬಿಡಬೇಕಾ?

ನನ್ನ ಮಟ್ಟಿಗೆ, ಸುರುಳಿಯನ್ನೇ ಮುರಿಯುವ ಕೆಮಿಕಲ್ ಬೇಡ ಅನ್ನುವುದು ಮೊದಲನೆಯದು. ಸ್ಟ್ರೈಟನಿಂಗ್, ರೀಬಾಂಡಿಂಗ್, ಸ್ಮೂದನಿಂಗ್, ಕೆರಟಿನ್ ಎಲ್ಲ ಈ ಸಾಲಿನವೇ. ಕೂದಲಿನ ಆಕಾರವನ್ನು ಹಿಡಿದಿಡುವುದು ಅದರೊಳಗಿನ ಗಂಧಕದ ಬೆಸುಗೆಗಳು. ರೀಬಾಂಡಿಂಗ್ ಕ್ರೀಮು ಆ ಬೆಸುಗೆ ಬಿಚ್ಚಿ, ನೇರ ಮಾಡಿ, ಮತ್ತೆ ಕೂಡಿಸುತ್ತದೆ. ಬಿಗಿ ಸುರುಳಿಯನ್ನು ನೇರ ಮಾಡಲು ಆಫ್ರಿಕಾ ಮೂಲದವರು ಹೆಚ್ಚಾಗಿ ಬಳಸುತ್ತಿದ್ದ ರಿಲ್ಯಾಕ್ಸರ್ ಕ್ರೀಮುಗಳಲ್ಲಿ ಕಾಸ್ಟಿಕ್ ಸೋಡಾ ಇರುತ್ತಿತ್ತು. ಚರಂಡಿ ಕಟ್ಟಿಕೊಂಡಾಗ ಹಾಕುವ ಪದಾರ್ಥವೇ ಅದು.

2022ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಸುಮಾರು 33,500 ಹೆಂಗಸರ ಅಧ್ಯಯನ ಪ್ರಕಟಿಸಿದರು. ಸ್ಟ್ರೈಟನರ್, ಅಂದರೆ ಕೂದಲು ನೇರ ಮಾಡುವ ಕೆಮಿಕಲ್ ಬಳಸದವರಲ್ಲಿ 70 ವರ್ಷದ ಹೊತ್ತಿಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 1.64 ಅಂತ ಅಂದಾಜು ಮಾಡಿದರು. ಜಾಸ್ತಿ ಬಳಸಿದವರಲ್ಲಿ ಅದು ಶೇ. 4.05. ಸ್ಟ್ರೈಟನರೇ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ, ಸಂಬಂಧ ಕಂಡಿದೆ ಅಷ್ಟೇ. ನನಗೆ ದೂರ ಇರಲು ಅಷ್ಟು ಸಾಕು. ಕೆಲವು ಕೆರಟಿನ್ ದ್ರಾವಣಗಳನ್ನು ಬಿಸಿ ಮಾಡಿದಾಗ ಫಾರ್ಮಾಲ್ಡಿಹೈಡ್ ಹೊಗೆ ಏಳುತ್ತದೆ. ಪಾರ್ಲರಿನಲ್ಲಿ ಕಣ್ಣು ಉರಿದು ನೀರು ಬರುವುದು ಅದಕ್ಕೇ. ನಮಗಿಂತ ದಿನವಿಡೀ ಅಲ್ಲೇ ನಿಂತು ಕೆಲಸ ಮಾಡುವ ಹುಡುಗಿಯರ ಪಾಡು ನೆನೆಸಿಕೊಳ್ಳಿ.

ಇನ್ನು ಶಾಂಪೂ. ಬಿಡಲೇಬೇಕು ಅಂತಿಲ್ಲ. ಬಾಟಲಿ ಮೇಲೆ ಎಲೆ ಚಿತ್ರ ಇದೆ, ಹರ್ಬಲ್ ಅಂತ ಬರೆದಿದೆ ಅಂತ ಮಾತ್ರ ನಂಬಬೇಡಿ. ಹಿಂದೆ ತಿರುಗಿಸಿ ಓದಿ. ಸೋಡಿಯಂ ಲಾರಿಲ್ ಸಲ್ಫೇಟ್ ಮೊದಲ ಸಾಲುಗಳಲ್ಲೇ ಇದ್ದರೆ ಅದು ಜಿಡ್ಡನ್ನು ಪೂರ್ತಿ ಎಳೆದುಕೊಳ್ಳುತ್ತದೆ. ಗುಂಗುರು ಕೂದಲು ಅದನ್ನು ತಡೆದುಕೊಳ್ಳುವುದಿಲ್ಲ.

ಸೀಗೆಪುಡಿ ಹಾಕಿದರೆ ನನ್ನ ಕೂದಲು ತೆಂಗಿನ ನಾರಿನ ಹಾಗೆ ಆಗುತ್ತದೆ. ಯಾಕೆ?

ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ಸೀಗೆಯ ತಪ್ಪಲ್ಲ, ನಾವು ಹಾಕುವ ರೀತಿಯ ತಪ್ಪು.

ಸೀಗೆಕಾಯಿಯಲ್ಲೂ ಅಂಟುವಾಳಕಾಯಿಯಲ್ಲೂ ನೊರೆ ಬರಿಸುವ ಸಪೋನಿನ್ ಇದೆ. ಅದೇ ಜಿಡ್ಡು ತೆಗೆಯುವುದು. ಪುಡಿಯನ್ನು ನೀರಲ್ಲಿ ಕಲಸಿ ನೇರ ತಲೆಗೆ ಹಾಕಿ ತಿಕ್ಕಿದರೆ ಸಣ್ಣ ತರಿ ಸುರುಳಿಗಳ ಒಳಗೆ ಕೂರುತ್ತದೆ. ತೊಳೆದರೂ ಹೋಗುವುದಿಲ್ಲ. ಅದನ್ನು ತೆಗೆಯಲು ಮತ್ತೆ ಉಜ್ಜುತ್ತೇವೆ, ಕೂದಲು ಸವೆಯುತ್ತದೆ. ಹಳೇ ಕಾಲದಲ್ಲಿ ತಲೆ ತುಂಬ ಎಣ್ಣೆ ಇರುತ್ತಿತ್ತು, ಪುಡಿ ಆ ಎಣ್ಣೆಯನ್ನು ಹೀರುತ್ತಿತ್ತು. ಈಗ ನಾವು ಎಣ್ಣೆಯೇ ಇಲ್ಲದ ಕೂದಲಿಗೆ ಅಷ್ಟೇ ಪುಡಿ ಹಾಕುತ್ತೇವೆ.

ನಾನು ಮಾಡುವುದು ಹೀಗೆ. ರಾತ್ರಿ ಏಳೆಂಟು ಸೀಗೆಕಾಯಿ, ಎರಡು ಚಮಚ ಮೆಂತ್ಯ, ಒಂದು ನೆಲ್ಲಿಚೆಟ್ಟು ಮೂರು ಲೋಟ ನೀರಲ್ಲಿ ನೆನೆಹಾಕುತ್ತೇನೆ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಾಲು ಗಂಟೆ ಕುದಿಸಿ, ಆರಿದ ಮೇಲೆ ಕಿವುಚಿ, ಹಳೇ ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸುತ್ತೇನೆ. ಜರಡಿ ಸಾಲದು, ಬಟ್ಟೆಯೇ ಬೇಕು. ಆ ನೀರನ್ನು ನೆತ್ತಿಗೆ ಮಾತ್ರ ಹಾಕಿ ಬೆರಳ ತುದಿಯಿಂದ ತಿಕ್ಕುತ್ತೇನೆ. ಇಳಿದು ಹೋಗುವ ನೀರು ತುದಿಗೆ ಸಾಕು. ಕಣ್ಣು ಮುಚ್ಚಿಕೊಳ್ಳಿ, ಬಹಳ ಉರಿಯುತ್ತದೆ. ಅಂಟುವಾಳ ಸೀಗೆಗಿಂತ ಒಣಗಿಸುತ್ತದೆ. ನನ್ನ ಕೂದಲಿಗೆ ನಾನು ಹಾಕುವುದಿಲ್ಲ.

ಹಳೇ ಮೈಸೂರು ಕಡೆ ಗ್ರಂಧಿಗೆ ಅಂಗಡಿಗಳಲ್ಲಿ ಸೀಗೆಪುಡಿ ಪಕ್ಕದಲ್ಲೇ ಚಿಗರೆಪುಡಿ ಸಿಗುತ್ತದೆ. ಅದು ಎಲೆಯ ಪುಡಿ. ಸೀಗೆಗಿಂತ ಮೃದು, ಕಲಸಿದರೆ ಜಾರುತ್ತದೆ. ಒಣ ಕೂದಲಿನವರು ಅದನ್ನೊಮ್ಮೆ ನೋಡಿ. ಅದನ್ನೂ ಬಟ್ಟೆಯಲ್ಲಿ ಸೋಸಿ.

ಎಲ್ಲಕ್ಕಿಂತ ನನಗೆ ಇಷ್ಟ ದಾಸವಾಳದ ಸೊಪ್ಪು. ಒಂದು ದೊಡ್ಡ ಹಿಡಿ ಎಳೆ ಸೊಪ್ಪನ್ನು ನೀರಲ್ಲಿ ಕಿವುಚಿದರೆ ಹಸಿರು ಲೋಳೆ ಬಿಡುತ್ತದೆ. ಮಲೆನಾಡು, ಕರಾವಳಿಯ ಕೆಲವು ಮನೆಗಳಲ್ಲಿ ಇದನ್ನು ಗೊಂಪು ಅನ್ನುತ್ತಾರೆ. ಇದು ಕೊಳೆ ತೆಗೆಯುವುದು ಸ್ವಲ್ಪ, ಜಾರಿಸುವುದು ಬಹಳ. ಸೀಗೆ ನೀರು ತೊಳೆದ ಮೇಲೆ ಇದನ್ನು ಉದ್ದಕ್ಕೆ ಹಚ್ಚಿ ಐದು ನಿಮಿಷ ಬಿಟ್ಟರೆ ಸಿಕ್ಕು ಬೆರಳಲ್ಲೇ ಬಿಡುತ್ತದೆ. ಅಂಗಡಿಯ ಕಂಡಿಷನರಿಗೆ ಮೊದಲು ನಮ್ಮ ಅಜ್ಜಿಯರ ಹತ್ತಿರ ಇದ್ದ ಕಂಡಿಷನರ್ ಇದೇ ಅಲ್ವಾ?

ಎಣ್ಣೆ ಯಾವುದು, ಯಾವಾಗ, ಎಷ್ಟು?

ಕೊಬ್ಬರಿ ಎಣ್ಣೆ. ಸ್ನಾನಕ್ಕೆ ಮೊದಲು. ಕೊಬ್ಬರಿ ಎಣ್ಣೆಯಲ್ಲಿ ಲಾರಿಕ್ ಆಮ್ಲ ಜಾಸ್ತಿ. ಅದರ ಅಣು ಸಣ್ಣದು, ನೇರ. ಹಾಗಾಗಿ ಕೂದಲಿನ ಒಳಕ್ಕೆ ಇಳಿಯುತ್ತದೆ. ತೊಳೆಯುವಾಗ ಕೂದಲು ನೀರು ಕುಡಿದು ಉಬ್ಬುತ್ತದೆ, ಒಳಗಿನ ಪ್ರೋಟೀನ್ ಸೋರಿಹೋಗುತ್ತದೆ. ಕೊಬ್ಬರಿ ಎಣ್ಣೆ ಅದನ್ನು ತಡೆಯುತ್ತದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೊಬ್ಬರಿ, ಸೂರ್ಯಕಾಂತಿ, ಮಿನರಲ್ ಎಣ್ಣೆ ಮೂರನ್ನೂ ಹೋಲಿಸಿದಾಗ ಈ ಕೆಲಸ ಮಾಡಿದ್ದು ಕೊಬ್ಬರಿ ಎಣ್ಣೆ ಮಾತ್ರ. ಎರಡು ಗಂಟೆ ಮೊದಲು ಹಚ್ಚಿದರೆ ಸಾಕು.

ಹರಳೆಣ್ಣೆ ಬಹಳ ಮಂದ. ಬರೀ ಅದನ್ನೇ ಹಚ್ಚಿದರೆ ತೆಗೆಯಲು ಮತ್ತೆ ತಿಕ್ಕಬೇಕು. ಕೊಬ್ಬರಿ ಎಣ್ಣೆ ಮೂರು ಪಾಲು, ಹರಳೆಣ್ಣೆ ಒಂದು ಪಾಲು ಕಲಸಿ ತುದಿಗೆ ಹಚ್ಚಿ. ಹರಳೆಣ್ಣೆಯಿಂದ ಕೂದಲು ಬೆಳೆಯುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ನಾನು ಕಂಡಿಲ್ಲ. ಮುರಿಯುವುದು ಕಡಿಮೆಯಾದರೆ ಉದ್ದ ತಾನೇ ಕಾಣುತ್ತದೆ.

ಒಂದು ಎಚ್ಚರಿಕೆ. ತಲೆಯಲ್ಲಿ ಹೊಟ್ಟು ಇದ್ದರೆ ನೆತ್ತಿಗೆ ಎಣ್ಣೆ ಬೇಡ. ಹೊಟ್ಟು ಅಂದರೆ ಒಣ ಚರ್ಮ ಅಂತ ತಿಳಿದು ಎಣ್ಣೆ ಸುರಿಯುತ್ತೇವೆ. ಬಹಳ ಸಲ ಅದಕ್ಕೆ ಕಾರಣ ಜಿಡ್ಡನ್ನೇ ತಿಂದು ಬೆಳೆಯುವ ಒಂದು ಬಗೆಯ ಶಿಲೀಂಧ್ರ. ಮೆಡಿಕಲ್ ಶಾಪಿನ ಕೀಟೋಕೊನಜೋಲ್ ಶಾಂಪೂ ಬೇಕಾಗಬಹುದು, ಡಾಕ್ಟರನ್ನು ಕೇಳಿ ಬಳಸಿ. ಅದು ಔಷಧಿ. ಸಹಜ ಆರೈಕೆ ಅಂತ ಹಟ ಹಿಡಿದು ತಿಂಗಳುಗಟ್ಟಲೆ ತುರಿಸಿಕೊಳ್ಳಬೇಡಿ.

ವಾರಕ್ಕೆ ಎಷ್ಟು ಸಲ ತಲೆಸ್ನಾನ?

ಒಂದು ಅಥವಾ ಎರಡು. ಬೆವರು ಜಾಸ್ತಿ ಇದ್ದರೆ ನಡುವೆ ಬರೀ ನೀರಲ್ಲಿ ನೆತ್ತಿ ತೊಳೆದುಕೊಳ್ಳಿ. ಅಮ್ಮಂದಿರ ಮಂಗಳವಾರ, ಶುಕ್ರವಾರದ ಲೆಕ್ಕ ಈ ಕೂದಲಿಗೆ ಸರಿಯಾಗೇ ಹೊಂದುತ್ತದೆ.

ಒದ್ದೆ ಕೂದಲು ಬಾಚಬಾರದು ಅಂತಾರೆ. ನೀವು ಒದ್ದೆಯಲ್ಲೇ ಬಾಚಿ ಅಂತೀರಿ?

ಹೌದು. ಒದ್ದೆ ಕೂದಲು ಬಲಹೀನ, ಎಳೆದರೆ ಹಿಗ್ಗಿ ತುಂಡಾಗುತ್ತದೆ. ನೇರ ಕೂದಲಿನವರಿಗೆ ಆ ಮಾತು ಪೂರ್ತಿ ನಿಜ. ಆದರೆ ಗುಂಗುರು ಕೂದಲನ್ನು ಒಣಗಿದಾಗ ಬಾಚಿದರೆ ಪ್ರತಿ ಸುರುಳಿಯೂ ಪಕ್ಕದ್ದಕ್ಕೆ ಸಿಕ್ಕಿಕೊಂಡು ಮುರಿಯುತ್ತದೆ. ಅದಕ್ಕಿಂತ ಒದ್ದೆಯಲ್ಲಿ, ಮೇಲೆ ಲೋಳೆ ಅಥವಾ ಕಂಡಿಷನರ್ ಇರುವಾಗ ಬಿಡಿಸುವುದು ಮೇಲು. ಬರೀ ನೀರಲ್ಲಿ ಒದ್ದೆಯಾಗಿದ್ದಾಗ ಬೇಡ.

ಕೂದಲನ್ನು ನಾಲ್ಕು ಭಾಗ ಮಾಡಿ. ಮೊದಲು ಬೆರಳು, ಆಮೇಲೆ ಅಗಲ ಹಲ್ಲಿನ ಬಾಚಣಿಗೆ. ತುದಿಯಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಗಂಟಿನ ಮೇಲ್ಭಾಗವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರೆ ಬುಡಕ್ಕೆ ನೋವಾಗುವುದಿಲ್ಲ. ನನ್ನ ಅಮ್ಮನ ಕೂದಲು ಸೊಂಟದವರೆಗಿತ್ತು. ಅವರು ಬೆಳಗಿನ ಬಿಸಿಲಲ್ಲಿ ಹಿತ್ತಲ ಕಲ್ಲಿನ ಮೇಲೆ ಕೂತು ಅರ್ಧ ಗಂಟೆ ಬೆರಳಲ್ಲೇ ಸಿಕ್ಕು ಬಿಡಿಸುತ್ತಿದ್ದರು. ಅದು ಸೋಮಾರಿತನ ಅಂತ ಆಗ ಮನೆಯಲ್ಲಿ ಮಾತು ಬರುತ್ತಿತ್ತು. ಅವರು ಮಾಡುತ್ತಿದ್ದದ್ದೇ ಸರಿ ಅಂತ ನನಗೆ ಗೊತ್ತಾಗಲು ಮೂವತ್ತು ವರ್ಷ ಬೇಕಾಯಿತು.

ಸ್ನಾನ ಆದಮೇಲೆ ಏನು ಹಚ್ಚಬೇಕು? ಒಣಗಿದ ತಕ್ಷಣ ಉಬ್ಬಿಬಿಡುತ್ತದೆ.

ಉಬ್ಬುವುದು ಹೆಚ್ಚಾಗಿ ಟವೆಲಿನಿಂದ. ದಪ್ಪ ಟವೆಲು ಸುತ್ತಿ ಉಜ್ಜಿದರೆ ಸುರುಳಿ ಚದುರುತ್ತದೆ. ಹಳೇ ಹತ್ತಿ ಬನಿಯನ್ನೋ ಪಂಚೆಯೋ ತಗೊಳ್ಳಿ. ತಲೆ ಬಗ್ಗಿಸಿ, ತುದಿಯಿಂದ ಬುಡದ ಕಡೆಗೆ ಮೆತ್ತಗೆ ಒತ್ತಿ ನೀರು ತೆಗೆಯಿರಿ.

ಇನ್ನೂ ನೀರು ತೊಟ್ಟಿಕ್ಕುವಾಗಲೇ ಅಗಸೆಬೀಜದ ಲೋಳೆ ಹಚ್ಚಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಚಟ್ನಿಪುಡಿಗೆ ಇದ್ದೇ ಇರುವ ಬೀಜ. ಕಾಲು ಕಪ್ ಬೀಜಕ್ಕೆ ಎರಡು ಕಪ್ ನೀರು. ತಳ ಹಿಡಿಯದಂತೆ ಕೈಯಾಡಿಸುತ್ತಾ ಎಂಟು ಹತ್ತು ನಿಮಿಷ ಕುದಿಸಿ. ಸೌಟಿನಿಂದ ಎಳೆ ಎಳೆಯಾಗಿ, ಮೊಟ್ಟೆಯ ಬಿಳಿಯ ಹಾಗೆ ಇಳಿದರೆ ಒಲೆ ಆರಿಸಿ. ಬಿಸಿ ಇರುವಾಗಲೇ ಸೋಸಬೇಕು, ಆರಿದರೆ ಬೀಜದಿಂದ ಬಿಡುವುದೇ ಇಲ್ಲ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ವಾಸನೆ ಬಂದರೆ ಚೆಲ್ಲಿ.

ಒಣಗಿದ ಮೇಲೆ ಕೂದಲು ಸ್ವಲ್ಪ ಗಟ್ಟಿ ಅನ್ನಿಸುತ್ತದೆ. ಹೆದರಬೇಡಿ. ಅಂಗೈಗೆ ಎರಡು ಹನಿ ಎಣ್ಣೆ ಸವರಿ ಹಿಚುಕಿದರೆ ಮೆತ್ತಗಾಗುತ್ತದೆ. ಸುರುಳಿ ಹಾಗೇ ಉಳಿಯುತ್ತದೆ.

ಊರಿನ ಹವೆಯನ್ನೂ ನೋಡಬೇಕು. ಮಂಗಳೂರಿನ ಮಳೆಗಾಲದಲ್ಲಿ ಗಾಳಿಯ ತೇವಕ್ಕೇ ಕೂದಲು ಉಬ್ಬುತ್ತದೆ, ಅಲ್ಲಿ ಲೋಳೆ ಸ್ವಲ್ಪ ಜಾಸ್ತಿ ಬೇಕು. ಕಲಬುರಗಿಯ ಬೇಸಿಗೆಯಲ್ಲಿ ತೇವ ಹಾರಿಹೋಗುವುದೇ ಸಮಸ್ಯೆ, ಅಲ್ಲಿ ಮೇಲೆ ಎಣ್ಣೆ ಬೇಕು.

ಬೆಂಗಳೂರಿಗೆ ಬಂದ ಮೇಲೆ ಕೂದಲು ಹಾಳಾಯಿತು. ನೀರಿನದೇ ಕಾರಣವಾ?

ಬಹಳ ಮಟ್ಟಿಗೆ ಇರಬಹುದು. ಬೋರ್‌ವೆಲ್, ಟ್ಯಾಂಕರ್ ನೀರಲ್ಲಿ ಸುಣ್ಣದ ಅಂಶ ಜಾಸ್ತಿ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇರಬಹುದು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ. ಬಕೆಟಿನಲ್ಲಿ ಬಿಳಿ ಪದರ ಕಟ್ಟುತ್ತದೆ ಅಂದರೆ ನಿಮ್ಮ ಕೂದಲ ಮೇಲೂ ಕಟ್ಟುತ್ತಿದೆ. ಅದಕ್ಕೇ ಏನು ಹಚ್ಚಿದರೂ ಹಿಡಿಯುವುದಿಲ್ಲ. ಸೋಪು ಹಾಕಿದರಂತೂ ಇನ್ನೂ ಕಷ್ಟ, ಸುಣ್ಣದ ಜೊತೆ ಸೇರಿ ಜಿಗುಟು ಕಟ್ಟುತ್ತದೆ. ಸೋಪನ್ನು ತಲೆಗೆ ಹಾಕಲೇಬೇಡಿ.

ಇಡೀ ಸ್ನಾನಕ್ಕೆ ಒಳ್ಳೆ ನೀರು ಎಲ್ಲಿಂದ ತರುವುದು? ಕೊನೆಯ ಎರಡು ಚೊಂಬು ಮಾತ್ರ ಕಾವೇರಿ ನೀರೋ ಫಿಲ್ಟರ್ ನೀರೋ ಇರಲಿ. ಮಳೆಗಾಲದಲ್ಲಿ ತಾರಸಿಯ ಮಳೆನೀರು ಹಿಡಿದಿಡಿ, ಮೊದಲ ಮಳೆಯದು ಬೇಡ. ಹದಿನೈದು ದಿನಕ್ಕೊಮ್ಮೆ ಒಂದು ಲೀಟರ್ ನೀರಿಗೆ ಒಂದು ಚಮಚ ವಿನೆಗರ್ ಹಾಕಿ ಕೂದಲಿಗೆ ಸುರಿದು, ಒಂದು ನಿಮಿಷ ಬಿಟ್ಟು ತೊಳೆದರೆ ಪದರ ಸಡಿಲವಾಗುತ್ತದೆ.

ನಿಂಬೆರಸ, ಅಡುಗೆ ಸೋಡಾ, ಈರುಳ್ಳಿ ರಸ, ಮೊಟ್ಟೆ? ಎಲ್ಲ ಸಹಜವೇ ತಾನೆ?

ಸಹಜ ಅಂದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ. ಅಡುಗೆ ಸೋಡಾ ಕ್ಷಾರ. ಕೂದಲಿನ ಮೇಲಿನ ಪದರವನ್ನು ಎಬ್ಬಿಸಿಬಿಡುತ್ತದೆ, ಖಂಡಿತ ಬೇಡ. ನಿಂಬೆರಸವನ್ನು ನೇರ ನೆತ್ತಿಗೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟ ಹಾಗೆ ಆಗಬಹುದು. ಈರುಳ್ಳಿ ರಸಕ್ಕೆ ಕೆಲವರ ಚರ್ಮ ಕೆಂಪಾಗುತ್ತದೆ. ಮೊಟ್ಟೆ ಹಾಕುವವರು ತಣ್ಣೀರಲ್ಲೇ ತೊಳೆಯಿರಿ. ಬಿಸಿನೀರಿಗೆ ಅದು ತಲೆಯಲ್ಲೇ ಬೆಂದುಹೋಗುತ್ತದೆ, ಸುರುಳಿಯಿಂದ ಬಿಡಿಸುವುದು ದೊಡ್ಡ ಕೆಲಸ. ಮೊಸರು, ನೆನೆಸಿ ರುಬ್ಬಿದ ಮೆಂತ್ಯ ಒಳ್ಳೆಯದು. ಮೆಂತ್ಯವನ್ನು ನುಣ್ಣಗೆ ರುಬ್ಬಿ ಸೋಸಿ.

ಮೆಹಂದಿ?

ಬರೀ ಗೋರಂಟಿ ಎಲೆಯ ಪುಡಿಯಾದರೆ ಪರವಾಗಿಲ್ಲ. ಆದರೆ ಪದೇ ಪದೇ ಹಾಕಿದರೆ ಕೂದಲು ಒರಟಾಗುತ್ತದೆ, ಕೆಲವರಿಗೆ ಸುರುಳಿಯೂ ಸಡಿಲವಾಗುತ್ತದೆ. ಕಪ್ಪು ಮೆಹಂದಿ ಪ್ಯಾಕೆಟ್ಟುಗಳ ಬಗ್ಗೆ ಹುಷಾರು. ಗೋರಂಟಿ ತಾನಾಗಿ ಕೊಡುವುದು ಕೆಂಪು ಬಣ್ಣ. ಕಪ್ಪು ಬಂದರೆ ಅದರಲ್ಲಿ ಹೆಚ್ಚಾಗಿ ಪಿಪಿಡಿ ಅನ್ನುವ ಬಣ್ಣ ಬೆರೆತಿರುತ್ತದೆ. ಕೆಲವರಿಗೆ ಅದರಿಂದ ಮುಖವೇ ಊದಿಕೊಳ್ಳುತ್ತದೆ.

ಸ್ಟ್ರೈಟನಿಂಗ್ ಮಾಡಿಸಿಬಿಟ್ಟಿದ್ದೇನೆ. ನನ್ನ ಸುರುಳಿ ಮತ್ತೆ ಬರುತ್ತದಾ?

ಬರುತ್ತದೆ, ಆದರೆ ಹೊಸದಾಗಿ ಬೆಳೆಯುವ ಕೂದಲಲ್ಲಿ ಮಾತ್ರ. ಸುರುಳಿಯ ಆಕಾರ ಇರುವುದು ಚರ್ಮದೊಳಗಿನ ಬುಡದಲ್ಲಿ. ಪಾರ್ಲರಿನ ಕ್ರೀಮು ಅಲ್ಲಿಗೆ ತಲುಪುವುದಿಲ್ಲ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹೆಗಲವರೆಗೆ ಬರಲು ಎರಡು ವರ್ಷದ ಮೇಲೆ ಹಿಡಿಯುತ್ತದೆ.

ತಂಗಿಯ ಮದುವೆಗೆ ಅಂತ ನಾನೂ ಮಾಡಿಸಿಕೊಂಡಿದ್ದೆ. ಆರು ತಿಂಗಳಿಗೆ ಬುಡದಲ್ಲಿ ಸುರುಳಿ, ತುದಿಯಲ್ಲಿ ಕಡ್ಡಿ. ಎರಡೂ ಸೇರುವ ಜಾಗದಲ್ಲಿ ಮುರಿದು ಮುರಿದು ಬೀಳುತ್ತಿತ್ತು. ಸ್ನಾನದ ಮನೆಯಲ್ಲಿ ಕೂತು ಅತ್ತಿದ್ದೇನೆ. ಆ ಜಾಗವೇ ಅತಿ ಬಲಹೀನ, ಅಲ್ಲಿ ಬಾಚಣಿಗೆ ಹಾಕಬೇಡಿ, ಬೆರಳು ಮಾತ್ರ. ಧೈರ್ಯ ಇದ್ದರೆ ಒಂದೇ ಸಲ ಗಿಡ್ಡ ಕತ್ತರಿಸಿಬಿಡಿ. ನಾನು ಹಾಗೆ ಮಾಡಲಿಲ್ಲ, ಎರಡು ತಿಂಗಳಿಗೊಮ್ಮೆ ಎರಡು ಇಂಚು ಕತ್ತರಿಸುತ್ತಾ ಬಂದೆ.

ಮಗಳಿಗೆ ಸ್ಕೂಲಿನಲ್ಲಿ ಎರಡು ಜಡೆ ಕಡ್ಡಾಯ. ಬೆಳಿಗ್ಗೆ ದಿನಾ ಅಳು.

ಬೆಳಿಗ್ಗೆ ಬಾಚಲೇಬೇಡಿ. ರಾತ್ರಿ ಸ್ವಲ್ಪ ನೀರು ಚಿಮುಕಿಸಿ, ಕೈಗೆ ಎಣ್ಣೆ ಸವರಿಕೊಂಡು, ಸಡಿಲವಾಗಿ ಎರಡು ಜಡೆ ಹಾಕಿ ಮಲಗಿಸಿ. ಬೆಳಿಗ್ಗೆ ಮುಂದಿನ ಕೂದಲನ್ನು ಒದ್ದೆ ಕೈಯಲ್ಲಿ ಸವರಿ ರಿಬ್ಬನ್ ಕಟ್ಟಿದರೆ ಮುಗಿಯಿತು. ಎರಡು ದಿನ ಬರುತ್ತದೆ. ಬಿಗಿಯಾಗಿ ಎಳೆದು ಕಟ್ಟಬೇಡಿ. ವರ್ಷಗಟ್ಟಲೆ ಹಾಗೆ ಕಟ್ಟಿದರೆ ಹಣೆಯಂಚಿನ, ಕಿವಿಪಕ್ಕದ ಕೂದಲು ಉದುರಿ ಮತ್ತೆ ಬರದೇ ಹೋಗಬಹುದು.

ಮಗುವಿನ ಎದುರು ಕಾಗೆಗೂಡು, ಪೊದೆ, ದೆವ್ವದ ಹಾಗಿದೆ ಅನ್ನುವ ಮಾತು ಬೇಡ. ನೆಂಟರು ಅಂದರೆ ಅಲ್ಲೇ ತಡೆಯಿರಿ. ಚಿಕ್ಕವಳಿದ್ದಾಗ ಶಾಲೆಯ ಗ್ರೂಪ್ ಫೋಟೋಗೆ ಮೊದಲು ನನ್ನ ತಲೆಗೆ ನೀರು ಸುರಿದು ಅಂಟಿಸಿದ್ದರು. ಆ ಫೋಟೋ ನಾನು ಇವತ್ತಿಗೂ ಯಾರಿಗೂ ತೋರಿಸುವುದಿಲ್ಲ. ಅಮೆರಿಕದಲ್ಲಿ ಕಪ್ಪು ಜನರ ಕೂದಲಿನ ಸಹಜ ರೂಪಕ್ಕಾಗಿ ಶಾಲೆ, ಕಚೇರಿಗಳಲ್ಲಿ ತಾರತಮ್ಯ ಮಾಡಬಾರದು ಅಂತ ಕ್ಯಾಲಿಫೋರ್ನಿಯಾ ರಾಜ್ಯ 2019ರಲ್ಲಿ ಕಾನೂನನ್ನೇ ತಂದಿತು. ಅಷ್ಟು ನೋವು ಅದರಲ್ಲಿದೆ.

ರಾತ್ರಿ ಮಲಗುವಾಗ?

ಹತ್ತಿ ದಿಂಬು ಕೂದಲಿನ ತೇವ ಹೀರುತ್ತದೆ, ಉಜ್ಜುತ್ತದೆ. ಹಳೇ ರೇಷ್ಮೆ ಸೀರೆಯ ಸೆರಗಿನ ತುಂಡಿದ್ದರೆ ಜರಿ ಇಲ್ಲದ ಕಡೆ ಕತ್ತರಿಸಿ ದಿಂಬಿಗೆ ಹೊದಿಸಿ. ಕೂದಲನ್ನು ನೆತ್ತಿಯ ಮೇಲೆ ಸಡಿಲವಾಗಿ ಎತ್ತಿ ಕಟ್ಟಿ.

ಎಷ್ಟು ಉದುರಿದರೆ ಡಾಕ್ಟರ ಹತ್ತಿರ ಹೋಗಬೇಕು?

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ನಾವು ವಾರಕ್ಕೊಮ್ಮೆ ಬಾಚುವುದರಿಂದ ಸುರುಳಿಯಲ್ಲಿ ಸಿಕ್ಕಿಕೊಂಡಿದ್ದೆಲ್ಲ ಒಟ್ಟಿಗೆ ಬರುತ್ತದೆ, ಮುಷ್ಟಿ ತುಂಬ ಕಂಡರೂ ಗಾಬರಿ ಬೇಡ. ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ, ಜೋರು ಜ್ವರ ಬಂದು ಹೋದ ಮೇಲೆ ಜಾಸ್ತಿ ಉದುರಿ ತಾನೇ ನಿಲ್ಲುತ್ತದೆ. ಬೈತಲೆ ಅಗಲವಾಗುತ್ತಿದ್ದರೆ, ನಾಣ್ಯದಷ್ಟು ಜಾಗ ಬೋಳಾದರೆ, ನೆತ್ತಿ ಉರಿ ನೋವು ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ ಮಾಡಿಸಬೇಕಾಗಬಹುದು. ಅದನ್ನು ಎಣ್ಣೆ ಸರಿಮಾಡುವುದಿಲ್ಲ.

ಗುಂಗುರು ಕೂದಲಿಗೆ ಹೂ ಮುಡಿಯುವುದು ಹೇಗೆ? ಜಾರಿ ಬೀಳುವುದಿಲ್ಲ, ತೆಗೆಯುವಾಗಲೇ ಕಷ್ಟ.

ದಾರ ಸುರುಳಿಗೆ ಸುತ್ತಿಕೊಳ್ಳುತ್ತದೆ, ಅದಕ್ಕೇ. ಬಾಳೆನಾರಿನಲ್ಲಿ ಕಟ್ಟಿದ ಹೂ ಕೇಳಿ, ಅದು ದಾರದಷ್ಟು ಸಿಕ್ಕಿಕೊಳ್ಳುವುದಿಲ್ಲ. ತುರುಬಿನ ಸುತ್ತ ಇಟ್ಟು, ತುದಿಗೆ ಗುಂಡಿ ಇರುವ ಪಿನ್ನು ಎರಡೇ ಹಾಕಿ. ತೆಗೆಯುವಾಗ ಎಳೆಯಬೇಡಿ. ಮಾಲೆಯನ್ನು ಕತ್ತರಿಯಲ್ಲಿ ನಾಲ್ಕೈದು ತುಂಡು ಮಾಡಿ, ಒಂದೊಂದಾಗಿ ಬಿಡಿಸಿ.